ಖಂಡಪ್ಪ ಕಣ್ಣು ಮುಚ್ಚಿದ್ದು

ಭೀಮರಾಯನಗುಡಿಯ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ಖಂಡಪ್ಪನ ಸಿಟ್ಟು ಒಗ್ಗರಣೆಗೆ ಬಿದ್ದ ಸಾಸಿವೆಯಂಥದ್ದು. ಯಾರ ಮೈಮೇಲೆ ಸಿಡಿಯುತ್ತದೆಂದು ಹೇಳಲು ಬರುತ್ತಿರಲಿಲ್ಲ. ಬಿಪಿ ಏರಿದಾಗ ಡಾಕ್ಟರರು ಅವನನ್ನು ಶಹಾಪುರದ ಮನೋಚಿಕಿತ್ಸಕಿ ಅರ್ಜುಮಂದ ಅವರಲ್ಲಿಗೆ ಅಟ್ಟಿದರು. ನಾಚಿಕೆಯಿಂದ ಹೆಂಡತಿಗೂ ಹೇಳದೆ ಹೋಗಿಬಂದ.

“ಇದು ಬುದ್ಧ ತೋರಿಸಿದ ದಾರಿರಿ,” ಎಂದಿದ್ದರು ಅರ್ಜುಮಂದ. “ಪೂಜಿ ಇಲ್ಲ, ನಮಾಜ ಇಲ್ಲ, ಯಾವ ಧರ್ಮದವರೂ ಮಾಡಬಹುದು. ಸಿಟ್ಟು ಬಂದ ಕೂಡ್ಲೇ ಕಣ್ಣು ಮುಚ್ಚಿ ಉಸಿರು ನೋಡ್ರಿ. ಏನಾದ್ರೂ ಆಗ್ಲಿ, ಸುಮ್ಮ ನೋಡ್ರಿ.”

ಮರುದಿನವೇ ಪಕ್ಕದ ಮೇಜಿನ ಲಾಲಪ್ಪ ಅವನ ಫೈಲಿನ ಮೇಲೆ ಚಹಾ ಚೆಲ್ಲಿದ. ಇಡೀ ಆಫೀಸು ಕಿವಿ ಮುಚ್ಚಿಕೊಂಡಿತು. ಖಂಡಪ್ಪ ಕಣ್ಣು ಮುಚ್ಚಿಕೊಂಡ.

ಲಾಲಪ್ಪ ಗಾಬರಿಯಿಂದ ಕೂಗಿದ. “ಚಹಾ ಚೆಲ್ಲಿದ್ರೂ ಬೈಯವಲ್ಲ! ಏನೋ ಆಗ್ಯಾದ ಇವನಿಗೆ!”

ಜವಾನ ಮಸ್ತಾನಸಾಬ ಓಡಿ ಬಂದು ಮೂಗಿಗೆ ಉಳ್ಳಾಗಡ್ಡಿ ಹಿಡಿದ. ಟೈಪಿಸ್ಟ್ ದೇವಿಕಾ ಅಂಗೈಯಲ್ಲಿ ಬೀಗದ ಕೈ ತುರುಕಿದಳು. ಲಾಲಪ್ಪನಂತೂ ತಲೆಯ ಮೇಲೆ ಕೊಡದ ನೀರನ್ನೇ ಸುರುವಿದ. ನೀರು ಕೊರಳಿಂದ ಚಡ್ಡಿಯವರೆಗೆ ಇಳಿದರೂ ಖಂಡಪ್ಪ ಹಲ್ಲು ಕಚ್ಚಿ ಉಸಿರನ್ನೇ ನೋಡಿದ.

“ಉಸಿರಾಡಾಕತ್ತಾನೋ ಇಲ್ಲೋ?” ಲಾಲಪ್ಪ ಕೇಳಿದ.

“ಆಡಾಕತ್ತಾರ್ರಿ, ಬುಸುಬುಸು ಅಂತ!” ಎಂದ ಮಸ್ತಾನಸಾಬ.

“ಹಂಗಾದ್ರ ಲಕ್ವಾ ಹೊಡದದ. ಮನಿಗಿ ಫೋನ್ ಹಚ್ಚು!”

ಹೆಂಡತಿ ಮಲ್ಲೇಶ್ವರಿ ಆಟೋದಿಂದ ಜಿಗಿದು ಬಂದಳು. ಎದೆ ಬಡಿದುಕೊಂಡು ಅಳುತ್ತಾಳೆಂದು ಎಲ್ಲರೂ ದಾರಿ ಬಿಟ್ಟರು. ಅವಳೋ ಗಂಡನ ಮುಖವನ್ನೊಮ್ಮೆ ನೋಡಿ, ಕುರ್ಚಿ ಎಳೆದು ಪಕ್ಕದಲ್ಲಿ ಕೂತು, ತಾನೂ ಕಣ್ಣು ಮುಚ್ಚಿಬಿಟ್ಟಳು!

“ಅಯ್ಯಯ್ಯ, ಅಕ್ಕಗೂ ಹತ್ತಿತು!” ದೇವಿಕಾ ಚೀರಿದಳು.

ಖಂಡಪ್ಪ ಬೆಚ್ಚಿ ಕಣ್ಣು ಬಿಟ್ಟ. “ಇದನ್ನ ಎಲ್ಲಿ ಕಲತಿ ನೀ?”

“ಅರ್ಜುಮಂದ ಮೇಡಂ ಕಡೆರಿ. ವರ್ಷ ಆಗಾಕ ಬಂತು.”

ಈಗ ಅವನಿಗೆ ನಿಜವಾಗಿಯೂ ಲಕ್ವಾ ಹೊಡೆದಂತಾಯಿತು. “ವರ್ಷ? ನಿನಗೇನಾಗಿತ್ತು?”

“ನಮಗ ಬಾಳ ತ್ರಾಸ ಕೊಡೋರ್ನ ನೆನಸಿ, ಅವರಿಗೂ ಒಳ್ಳೇದಾಗ್ಲಿ ಅನ್ಬೇಕಂತ ಹೇಳ್ಯಾರ. ದಿನಾ ಅಂತೀನ್ರಿ.”

“ಯಾರನ್ನ ನೆನಸ್ತಿ? ಮಗ್ಗಲಮನಿ ಕರೆಮ್ಮನ್ನ?”

“ನಿಮ್ಮನ್ನರಿ,” ಎಂದಳು ಮಲ್ಲೇಶ್ವರಿ, ಬಹಳ ಶಾಂತವಾಗಿ.

ಲಾಲಪ್ಪ ಮೆಲ್ಲಗೆ ಮುಂದೆ ಬಂದ. “ತಂಗಿ, ಅದು ಹ್ಯಾಂಗಂತ ನಮಗೂ ಹೇಳಿಕೊಡವ್ವ.”

ಖಂಡಪ್ಪನ ಸಿಟ್ಟು ನೆತ್ತಿಗೇರಿತು. ಬೈಯಲೆಂದು ಬಾಯಿ ತೆರೆದು ನೋಡುತ್ತಾನೆ, ಇಡೀ ಆಫೀಸು ಅವನತ್ತ ಮುಖ ಮಾಡಿ, ಕಣ್ಣು ಮುಚ್ಚಿ, “ಒಳ್ಳೇದಾಗ್ಲಿ, ಒಳ್ಳೇದಾಗ್ಲಿ” ಎನ್ನುತ್ತಿದೆ!