ಖಾಲಿ ಕುರ್ಚಿಯ ಮರ್ಯಾದೆ

ಪ್ರನೊತೊ ರಂಜಾನ್ ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಜಾವಾದ ಒಂದು ಗಿಜಿಗುಡುವ ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು ವಿಮಾನಗಳನ್ನು ಇಳಿಸುವ, ಏರಿಸುವ ಕೆಲಸ ಅವನದು. ಹನ್ನೆರಡು ಜನ ಇರಬೇಕಾದಲ್ಲಿ ಇದ್ದವರು ಏಳೇ ಜನ. ಊರಿಗೆ ಊರೇ ಹಬ್ಬಕ್ಕೆ ಮನೆಗೆ ಹಾರುವಾಗ ಹಾರಿಸುವವನಿಗೆ ಎಲ್ಲಿಯ ರಜೆ?

"ಈ ಸಲವೂ ಬರ್ದೇ ಇದ್ರೆ ಒಂದು ಫೋಟೋ ಆದ್ರೂ ಕಳ್ಸೋ, ನಿನ್ನ ಮುಖಾನೇ ಮರ್ತೋಗಿದೆ" ಎಂದಿದ್ದಳು ವೊನೊಗಿರಿಯಲ್ಲಿದ್ದ ತಾಯಿ. ಪಾಪ, ಅವಳಿಗೆಂದು ಕೊಂಡ ಬಾತಿಕ್ ಬಟ್ಟೆ ಅವನ ಮೇಜಿನ ಖಾನೆಯಲ್ಲೇ ಕಾಯುತ್ತಿತ್ತು.

ಆ ದಿನ ಆಸೆ ಚಿಗುರಿತು. ಅಲ್ಲಿ ಹಿರಿಯ ಹೆಂಗಸಿಗೆ ‘ಬು’, ಗಂಡಸಿಗೆ ‘ಪಾಕ್’ ಎನ್ನುವುದು ವಾಡಿಕೆ. ಮುಖ್ಯಸ್ಥೆ ಬು ರೆತ್ನೊ ಬೆಳಿಗ್ಗೆಯೇ ಹೇಳಿದ್ದರು: "ಇವತ್ತು ಜಕಾರ್ತಾದಿಂದ ಪಾಕ್ ಸಿರೆಗಾರ್ ತಪಾಸಣೆಗೆ ಬರ್ತಾರೆ. ಜನ ಸಾಲ್ದು ಅಂತ ಅವರಿಗೆ ಅನ್ನಿಸಿದ್ರೆ ನಾಳೇನೇ ಇಬ್ರನ್ನ ಕಳಿಸ್ತಾರೆ. ಆ ಇಬ್ರು ಬಂದ ದಿನವೇ ನೀನು ಬಸ್ ಹತ್ತು."

ಹತ್ತು ಗಂಟೆಗೆ ಗೇಟಿನಿಂದ ಫೋನ್ ಬಂತು, ಸಾಹೇಬರು ಇಳಿದರಂತೆ. ಬು ರೆತ್ನೊ ಕೋಣೆಯನ್ನೊಮ್ಮೆ ನೋಡಿದರು. ಆರು ಕುರ್ಚಿಗಳಲ್ಲಿ ಮೂರು ಖಾಲಿ.

"ಅಯ್ಯಯ್ಯೋ! ಉಪವಾಸದ ತಿಂಗಳು, ಮನೆಗೆ ಬಂದವರಿಗೆ ಒಂದು ಲೋಟ ಟೀ ಕೊಡೋ ಹಾಗಿಲ್ಲ. ಸಾಲದ್ದಕ್ಕೆ ಖಾಲಿ ಕುರ್ಚಿ ತೋರಿಸ್ಬೇಕಾ? ಯಾರನ್ನಾದ್ರೂ ಕರ್ಕೊಂಡು ಬಂದು ಕೂರಿಸು!"

"ಬು, ಕುರ್ಚಿ ತುಂಬಿದ್ರೆ ಜನ ಸಾಲ್ದು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?"

"ಅದಕ್ಕೆ ಕಾಗದ ಇದ್ಯಲ್ಲಪ್ಪ! ಕೊರತೆ ಕಾಗದದಲ್ಲಿರ್ಲಿ, ಮರ್ಯಾದೆ ಕೋಣೆಯಲ್ಲಿರ್ಲಿ. ಓಡು!"

ಪ್ರನೊತೊ ಓಡಿದ. ಕಾವಲುಗಾರ ಸಿಕ್ಕ, ಕಸ ಗುಡಿಸುವ ಬು ಯೆಮ್ ಸಿಕ್ಕಳು. ಮೂರನೆಯವನಾಗಿ ಕ್ಯಾಂಟೀನಿನ ಅಡುಗೆಯವ ಪಾಕ್ ಸರ್ಮಿನ್. ಉಪವಾಸವಾದ್ದರಿಂದ ನಸುಕಿನ ಊಟ ಬೇಯಿಸಿ ಬಡಿಸಿದ ಮೇಲೆ ಸಂಜೆಯ ತನಕ ಅವನಿಗೆ ಒಲೆಯ ಕೆಲಸವಿರಲಿಲ್ಲ. ತರಬೇತಿಗೆಂದು ಇಟ್ಟಿದ್ದ, ತಂತಿಯೇ ಇಲ್ಲದ ಯಂತ್ರಗಳ ಮುಂದೆ ಮೂವರನ್ನೂ ಕೂರಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, "ಬಾಯಿ ಬಿಡ್ಬೇಡಿ, ಕಿಟಕಿ ನೋಡಿ, ಅಷ್ಟೆ" ಎಂದು ಹೇಳಿ ತನ್ನ ಮೈಕಿಗೆ ಓಡಿದ. ಮೇಲೆ ನಾಲ್ಕು ವಿಮಾನಗಳು ಅವನಿಗಾಗಿ ಸುತ್ತುತ್ತಿದ್ದವು.

ಪಾಕ್ ಸಿರೆಗಾರ್ ಒಳಗೆ ಬಂದರು. ಕಾವಲುಗಾರ ಎದ್ದು ಸಲ್ಯೂಟ್ ಹೊಡೆದ. ಬು ಯೆಮ್ ಗಾಬರಿಯಲ್ಲಿ ತಲೆವಸ್ತ್ರದ ತುದಿಯಿಂದ ಯಂತ್ರದ ಪರದೆಯ ಧೂಳು ಒರೆಸತೊಡಗಿದಳು.

"ಭೇಷ್, ಎಷ್ಟು ಚೊಕ್ಕ! ಜನ ಇಲ್ಲ ಅಂತ ಅಳ್ತೀರಿ, ಕೋಣೆ ತುಂಬ ಜನ ಇದಾರಲ್ಲ!"

ಅಷ್ಟರಲ್ಲಿ ಮೂಲೆಯಿಂದ ಗೊರಕೆ ಕೇಳಿಸಿತು. ಸರ್ಮಿನ್ ಮೇಜಿಗೆ ತಲೆಯಾನಿಸಿ ಗಾಢ ನಿದ್ದೆಯಲ್ಲಿದ್ದ. ಬು ರೆತ್ನೊ ಬೆವತರು. ಪ್ರನೊತೊಗೆ ಮಾತ್ರ ಒಳಗೊಳಗೇ ಖುಷಿ. ಗುಟ್ಟು ರಟ್ಟಾದರೆ ರಜೆ ಸಿಕ್ಕಂತೆಯೇ!

ಸಾಹೇಬರು ಸರ್ಮಿನ್‌ನ ಹೆಗಲು ತಟ್ಟಿದರು. "ಎಷ್ಟೊತ್ತಿಗೆ ಎದ್ದಿದ್ದೀರಪ್ಪ?"

"ಮೂರು ಗಂಟೆಗೆ, ಪಾಕ್. ತಿಂಗಳಿಂದ ದಿನಾ ಹೀಗೇ. ಇಷ್ಟು ಜನಾನ ನೋಡ್ಕೋಬೇಕಲ್ಲ" ಎಂದ ಸರ್ಮಿನ್ ಕಣ್ಣುಜ್ಜಿಕೊಳ್ಳುತ್ತ.

"ಊರು?"

"ವೊನೊಗಿರಿ. ಹೋಗಿ ಎರಡು ವರ್ಷ ಆಯ್ತು."

ಸಾಹೇಬರ ಕಣ್ಣು ಒದ್ದೆಯಾಯಿತು. "ಇಂಥವರಿಂದಲೇ ವಿಮಾನ ಹಾರ್ತಿರೋದು! ಇವರಿಗೆ ಇವತ್ತಿಂದಲೇ ಹದಿನಾಲ್ಕು ದಿನ ರಜೆ. ಉಳಿದವರಿದ್ದೀರಲ್ಲ, ಹೊಸಬರು ಬೇಕಾಗಿಲ್ಲ" ಎಂದು ಅಲ್ಲೇ ಸಹಿ ಹಾಕಿದರು.

"ಪಾಕ್, ಅವರು ನಮ್ಮ..." ಎಂದು ಪ್ರನೊತೊ ಬಾಯಿ ತೆರೆದ. ಬು ರೆತ್ನೊ ಅವನ ತೋಳು ಚಿವುಟಿದರು. ಇನ್ನೊಂದು ವಿಮಾನ ಕರೆಯಿತು, ಅವನು ತಿರುಗಲೇಬೇಕಾಯಿತು.

ಸಂಜೆ ಸರ್ಮಿನ್ ಬಾತಿಕ್ ಬಟ್ಟೆಯ ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಬಸ್ ಹತ್ತಿದ. ಉಪವಾಸ ಬಿಡುವ ಹೊತ್ತಿಗೆ ಎಲ್ಲರಿಗೂ ತೆಂಗಿನಹಾಲಿನ ಬಾಳೆಹಣ್ಣಿನ ಪಾಯಸ ಬೇಕಲ್ಲ? "ನೀನೂ ವೊನೊಗಿರಿಯವನೇ, ಕೈರುಚಿ ಒಂದೇ ಇರುತ್ತೆ" ಎಂದು ಬು ರೆತ್ನೊ ಪ್ರನೊತೊ ಕೈಗೆ ಸೌಟು ಕೊಟ್ಟರು.

ಅವನು ಪಾತ್ರೆ ಕಲಕುತ್ತಲೇ ತಾಯಿಗೆ ಫೋನ್ ಮಾಡಿದ. "ಅಮ್ಮಾ, ನಂಗೆ ರಜೆ ಸಿಗ್ಲಿಲ್ಲ. ಬಟ್ಟೆ ಸರ್ಮಿನ್ ತರ್ತಾನೆ."

"ಅಡುಗೆ ಸರ್ಮಿನ್‌ಗೆ ಸಿಕ್ತಾ ರಜೆ?" ತಾಯಿ ನಿಟ್ಟುಸಿರುಬಿಟ್ಟಳು. "ನೋಡು ಮತ್ತೆ! ನೀನೂ ಅವನ ಹಾಗೆ ನಿದ್ದೆಗೆಟ್ಟು ದುಡಿದಿದ್ರೆ ನಿಂಗೂ ಕೊಡ್ತಿದ್ರು ಕಣೋ!"