ಟ್ರ್ಯಾಕ್ಟರ್ ಆಕ್ಸಲಿನ ಹಬ್ಬೂ ಅತ್ತಿಯ ಹೊಲವೂ

ತಿರುಗುವ ವಸ್ತು ಯಾವುದೇ ಇರಲಿ, ಅದು ನನ್ನ ಮಾತು ಕೇಳುತ್ತದೆ ಎಂಬುದು ನನ್ನ ಬಲವಾದ ನಂಬಿಕೆಯಾಗಿತ್ತು. ವಿಜಯಪುರದ ಜೋರಾಪುರ ಪೇಟೆಯಲ್ಲಿ ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಬೋರ್‌ವೆಲ್ ಮೋಟರು, ಹಿಟ್ಟಿನ ಗಿರಣಿ, ಕೂಲರಿನ ಫ್ಯಾನು, ಎಲ್ಲವೂ ನನ್ನೆದುರು ತೆಪ್ಪಗೆ ತಿರುಗಿವೆ. ಹೀಗಿರುವಾಗ ಒಂದು ಯಃಕಶ್ಚಿತ್ ಬೋಟಿನ ಪಂಖ ನನಗೆ ಯಾವ ಲೆಕ್ಕ!

ಬೋಟಿನ ಉಸಾಬರಿ ನನಗೆ ಬಂದದ್ದು ಗಂಗವ್ವತ್ತಿಯಿಂದ. ಅವಳು ನನ್ನ ಅಪ್ಪನ ಅಕ್ಕ, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಬಬಲೇಶ್ವರದ ಹತ್ತಿರ ಅವಳ ಹೊಲವಿತ್ತು. ಕಾಲುವೆ ನೀರು ಬಂದು ಪಕ್ಕದ ಕೆರೆ ತುಂಬಿದ ಮೇಲೆ ಹೊಲ ಮುಳುಗಿ, ಬನ್ನಿಗಿಡವಿದ್ದ ದಿಬ್ಬವೊಂದೇ ನಡುನೀರಿನಲ್ಲಿ ಉಳಿಯಿತು. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಆ ಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಸುತ್ತ ಅಡುಗೆಯನ್ನು ಚರಗವೆಂದು ಚೆಲ್ಲಿ, ಭೂಮಿತಾಯಿ ಉಂಡ ಮೇಲೆ ತಾನು ಉಣ್ಣುವುದು ಅತ್ತಿಯ ಪದ್ಧತಿ. ನೀರು ಬಂದಾಗಿನಿಂದ ಅದು ತಪ್ಪಿತ್ತು.

"ಭೂಮಿತಾಯಿ ಉಪಾಸ ಅದಾಳೋ ಬಸು," ಎಂದು ಒಂದು ದಿನ ಕಣ್ಣೊರೆಸಿಕೊಂಡಳು. "ಒಮ್ಮೆ ಅಲ್ಲಿ ಕಾಲಿಟ್ಟು ಬಂದ್ರ ಸಾಕಾಗಿತ್ತು."

"ಈ ಸಲ ನಾ ಕರಕೊಂಡು ಹೋಗ್ತೀನತ್ತಿ. ಅದೂ ಮೋಟರ್ ಬೋಟಿನ್ಯಾಗ!" ಎಂದುಬಿಟ್ಟೆ. ಬೋಟು ಎಲ್ಲಿದೆ ಎಂದು ಆಮೇಲೆ ಯೋಚಿಸಿದೆ.

ತಿಕೋಟಾದ ಗೆಳೆಯ ಮಲ್ಲಪ್ಪನ ಶೆಡ್ಡಿನಲ್ಲಿತ್ತು. ಜನರನ್ನು ಕೆರೆ ಸುತ್ತಿಸಿ ಹೆಸರು ಮಾಡುತ್ತೇನೆಂದು ಅವನು ಉಮೇದಿನಲ್ಲಿ ತಂದಿದ್ದ ಹಳೆಯ ಬೋಟು. ನೀರಿಗಿಳಿಸಿದರೆ ಎಂಜಿನ್ ಅಬ್ಬರಿಸುತ್ತಿತ್ತು, ಬೋಟು ಮಾತ್ರ ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ನಾನು ಬಿಚ್ಚಿ ನೋಡಿ ರೋಗ ಕಂಡುಹಿಡಿದೆ. ಪಂಖವನ್ನು ಶಾಫ್ಟಿಗೆ ಕೂಡಿಸುವ ಹಬ್ ಎಂಬುದೊಂದು ನಡುವೆ ಇರುತ್ತದೆ. ಅದರೊಳಗಿನ ರಬ್ಬರ್ ಸವೆದುಹೋಗಿತ್ತು. ಶಾಫ್ಟು ತಿರುಗುತ್ತಿತ್ತು, ಪಂಖ ಸುಮ್ಮನೆ ಕೂತಿತ್ತು.

ಕರಾವಳಿಯ ಒಂದು ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯವರು ಬಹಳ ತಾಳ್ಮೆಯಿಂದ ಹೇಳಿದರು: "ಎರಡು ನಮೂನೆ ಉಂಟು. ರಬ್ಬರಿನದ್ದು, ಪ್ಲಾಸ್ಟಿಕ್ಕಿನದ್ದು. ಪಂಖ ಕಲ್ಲಿಗೆ ಬಡಿದರೆ ಒಂದು ಜಾರ್ತದೆ, ಇನ್ನೊಂದು ಒಡೀತದೆ. ಒಳಗಿನ ಗೇರು ಉಳೀತದೆ. ಅದಕ್ಕೇ ಹಾಗೆ ಮಾಡುದು ಮಾರಾಯ್ರೆ."

ಜಾರುವುದಕ್ಕೆಂದೇ ಮಾಡಿದ ಸಾಮಾನು! ಒಡೆಯುವುದಕ್ಕೆಂದೇ ಮಾಡಿದ ಸಾಮಾನು! ಇಂಥದ್ದನ್ನು ನಾನು ಮಾರಿದರೆ ನಮ್ಮ ರೈತರು ಪಂಪ್‌ಸೆಟ್ಟಿನ ಜೊತೆ ನನ್ನನ್ನೂ ಬಾವಿಗೆ ಇಳಿಸುತ್ತಾರೆ.

"ಅವರು ಹೇಳಿದ್ದ ತರಸ್ರಲ್ಲ," ಎಂದಳು ಹೆಂಡತಿ ಶಾಂತಾ.

"ರಬ್ಬರ್ ನಂಬಿ ಅತ್ತಿನ್ನ ನೀರಿಗೆ ಇಳಸ್ಲೇನು? ನೀ ಸುಮ್ಮನಿರು."

ಹಳೆಯ ಟ್ರ್ಯಾಕ್ಟರ್ ಆಕ್ಸಲಿನ ತುಂಡು ಹಿಡಿದು ಲೇಥ್ ಅಂಗಡಿಗೆ ಹೋದೆ. ಎದುರು ನಿಂತು ಅಪ್ಪಟ ಉಕ್ಕಿನ ಹಬ್ ಕಡೆಸಿದೆ. ಇದರಲ್ಲಿ ಜಾರುವ ಮಾತೇ ಇಲ್ಲ. ಕೆರೆಗೆ ಒಯ್ದು ದಂಡೆಯ ಹತ್ತಿರ ಓಡಿಸಿದಾಗ ಬೋಟು ಹೇಗೆ ಚಿಮ್ಮಿತೆಂದರೆ, ಮಲ್ಲಪ್ಪ ತನ್ನ ಸೀಟು ಬಿಟ್ಟು ನನ್ನ ತೊಡೆಯ ಮೇಲೆ ಬಂದು ಕೂತ! ನಾನು ಮೀಸೆ ತಿರುವಿದೆ.

ಎಳ್ಳಮಾಸಿ ಬಂತು. ಅತ್ತಿ ಇಳಕಲ್ ಸೀರೆಯುಟ್ಟು, ಸಜ್ಜಿ ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ ತುಂಬಿದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬೋಟಿನಲ್ಲಿ ಕೂತಳು.

"ಹುಟ್ಟು ತಗೊಂಡಿಲ್ರೇನ್ರಿ?" ಪಕ್ಕದಲ್ಲಿ ಕೂರುತ್ತ ಶಾಂತಾ ಕೇಳಿದಳು.

"ಎಂಜಿನ್ನಿಗೆ ಅವಮಾನ ಮಾಡಬ್ಯಾಡ," ಎಂದು ಹೊರಟೆ.

ದಿಬ್ಬ ಹತ್ತಿರ ಬರುತ್ತಿದ್ದಂತೆ ಅತ್ತಿ ಎದ್ದು ನಿಲ್ಲುವಷ್ಟು ಹುರುಪಾದಳು. "ಲೇ ಬಸು, ಎಡಕ್ಕ ತಿರುವು. ಇಲ್ಲಿ ನಿಮ್ಮ ಮಾವ ಕಟ್ಟಿದ ಒಡ್ಡು ಐತಿ. ದೊಡ್ಡ ದೊಡ್ಡ ಕಲ್ಲು ಹಾಕ್ಯಾರ."

"ಅತ್ತಿ, ಈಗೆಲ್ಲಾ ನೀರ ಐತಿ. ಒಡ್ಡು ಎಲ್ಲಿಂದ ಬರ್ತೈತಿ?"

ಒಡ್ಡು ಎಲ್ಲಿಂದಲೂ ಬರಲಿಲ್ಲ. ಇದ್ದಲ್ಲೇ ಇತ್ತು.

ಧಡ್! ಎಂಜಿನ್ನಿನ ಹೊಟ್ಟೆಯಲ್ಲಿ ಏನೋ ಕಟಕಟನೆ ಮುರಿದು ಎಲ್ಲವೂ ಸ್ತಬ್ಧವಾಯಿತು. ಪಂಖ ಎತ್ತಿ ನೋಡಿದೆ. ಎಲೆಗಳು ಮುದುಡಿದ್ದವು. ಗೇರು ಚೂರಾಗಿತ್ತು. ನನ್ನ ಉಕ್ಕಿನ ಹಬ್ಬಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ!

ದಿಬ್ಬ ಅಲ್ಲೇ ಇತ್ತು. ಬನ್ನಿಗಿಡದ ಬುಡದ ಐದು ಕಲ್ಲುಗಳೂ ಕಾಣುತ್ತಿದ್ದವು. ನಾನು ಊಟದ ತಟ್ಟೆಯಿಂದ ನೀರು ತಳ್ಳಿದೆ. ಶಾಂತಾ ಇನ್ನೊಂದು ತಟ್ಟೆ ಹಿಡಿದಳು. ಗಾಳಿ ಎದುರಿಗಿತ್ತು, ನಮ್ಮನ್ನು ಮೆಲ್ಲಗೆ ಹಿಂದಕ್ಕೆ, ಕೆರೆಯ ನಡುವಿಗೆ ಒಯ್ದಿತು. ಅತ್ತಿ ಸಣ್ಣದಾಗುತ್ತಿದ್ದ ಗಿಡವನ್ನೇ ನೋಡುತ್ತ ಕೂತಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮೀನು ಹಿಡಿಯುವ ಯಮನಪ್ಪ ನಮ್ಮನ್ನು ಕಂಡು ತನ್ನ ತೆಪ್ಪ ತರುವಷ್ಟರಲ್ಲಿ ಸೂರ್ಯ ಮುಳುಗುತ್ತಿದ್ದ. "ಹೊತ್ತು ಮುಳುಗಿದ ಮ್ಯಾಲ ಚರಗ ಚೆಲ್ಲೂದಿಲ್ಲ," ಎಂದು ಅತ್ತಿ ಬುಟ್ಟಿಯ ಬಟ್ಟೆಯನ್ನು ಬಿಗಿಯಾಗಿ ಮುಚ್ಚಿದಳು. ಭೂಮಿತಾಯಿ ಉಣ್ಣದ ಆ ಅಡುಗೆಯನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮುಂದಿನ ವರ್ಷ ಈ ಪಾಪ ತೊಳೆಯಲೇಬೇಕೆಂದು ಪಣತೊಟ್ಟೆ. ಗೇರು ಹುಡುಕಿ ತರಿಸಿದೆ. ಕರಾವಳಿಯವರ ಕ್ಷಮೆ ಕೇಳಿ, ಅವರು ಹೇಳಿದ ರಬ್ಬರ್ ಹಬ್ಬನ್ನೇ ಹಾಕಿದೆ. ಅತ್ತಿಗೆ ಆಶ್ಚರ್ಯವಾಗಲಿ ಎಂದು ಯಾರಿಗೂ ಹೇಳಲಿಲ್ಲ. ಎಳ್ಳಮಾಸಿಯ ಹಿಂದಿನ ದಿನವೇ ಶಾಂತಾ ಬಬಲೇಶ್ವರದ ಅತ್ತಿಯ ಮನೆಗೆ ಹೋಗಿದ್ದಳು. ಅಡುಗೆಗೆ ಕೈಜೋಡಿಸಲು ಹೋಗಿದ್ದಾಳೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ನಾನು ಹೋದರೆ ಅತ್ತಿಯ ಮನೆಗೆ ಬೀಗ!

ಕಟ್ಟೆಯ ಮೇಲೆ ಕೂತು ಕಾದೆ. ಇಳಿಹೊತ್ತಿಗೆ ಇಬ್ಬರೂ ನಗುತ್ತ ಬಂದರು. ಅತ್ತಿಯ ಪಾದಕ್ಕೆ, ಸೀರೆಯ ಅಂಚಿಗೆ ಕರಿಮಣ್ಣು ಮೆತ್ತಿತ್ತು. ಯಮನಪ್ಪನ ತೆಪ್ಪದಲ್ಲಿ ದಿಬ್ಬಕ್ಕೆ ಹೋಗಿ, ಪೂಜೆ ಮಾಡಿ, ಚರಗ ಚೆಲ್ಲಿ, ಉಂಡು ಬಂದಿದ್ದರು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡು ಬಹಳ ದಿನಗಳಾಗಿದ್ದವು. ಆ ಗಳಿಗೆಯಲ್ಲಿ ನಾನು ಮಾತ್ರ ಅಲ್ಲಿರಲಿಲ್ಲ.

"ನನಗೂ ಒಂದ ಮಾತು ಹೇಳಿದ್ರ ಬರ್ತಿದ್ನಲ್ಲತ್ತಿ," ಎಂದೆ.

ಅತ್ತಿ ಬುಟ್ಟಿಯಿಂದ ನನಗೆಂದು ಎತ್ತಿಟ್ಟಿದ್ದ ಕಡುಬು ತೆಗೆದು ಕೈಗಿಟ್ಟಳು.

"ನಿನಗ ಹೇಳಿದ್ರ ನೀ ಮೋಟರ್ ತರ್ತಿದ್ದಿ ಯಪ್ಪಾ. ನನಗ ಹೊಲಕ್ಕ ಹೋಗೂದಿತ್ತು."

ರಬ್ಬರ್ ಹಬ್ಬಿನ ಸುದ್ದಿಯನ್ನು ಕಡುಬಿನ ಜೊತೆಗೇ ನುಂಗಿದೆ.