ಹರಿದ ಗಂಟಲು, ಹೋದ ಭಾನುವಾರ

ಪಿಲ್‌ಗುವಿನ ಮನೆಯವರಿಗೆ ಬಚ್ಚಲು ಸಿಗದೆ ಹನ್ನೆರಡು ದಿನವಾಗಿತ್ತು. ಒಳಗೆ ಅಗುಳಿ ಹಾಕಿಕೊಂಡು ಮಗಳು ಸೋಲ್‌ಬಿ ಕೂಗುತ್ತಿದ್ದಳು. ಹಾಡುತ್ತಿದ್ದಳು ಎಂದರೆ ಸುಳ್ಳಾದೀತು. (ಪಕ್ಕದ ಮನೆಯ ನಾಯಿ ಊಟ ಬಿಟ್ಟಿತ್ತು.) ಭಾನುವಾರ ಅವಳು ಡೋಲಿನ ತಾಳಕ್ಕೆ ಕಥೆ ಹಾಡುವ ಪಾನ್ಸೋರಿ ಕಲಿಸುವ ಚೇ ಅಜ್ಜಿಯ ಮುಂದೆ ಹಾಡಿ ತೋರಿಸಬೇಕು. ಒಪ್ಪಿದರೆ ಶಿಷ್ಯೆ, ಇಲ್ಲವಾದರೆ ಸೋದರತ್ತೆಯ ಮೀನಂಗಡಿಯಲ್ಲಿ ತಕ್ಕಡಿ.

"ಗಂಟಲು ಹರಿದು ರಕ್ತ ಬರ್ಬೇಕಪ್ಪಾ, ಆಮೇಲೇ ನಿಜವಾದ ದನಿ ಹುಟ್ಟೋದು," ಎಂದು ಸೋಲ್‌ಬಿ ಹೊರಬಂದು ದನಿಗೆಂದು ಆರನೆಯ ಹಸಿ ಮೊಟ್ಟೆ ನುಂಗಿದಳು.

"ಇಷ್ಟು ಮೊಟ್ಟೆ ತಿಂದ್ರೆ ಹಾಡಲ್ಲ ಕಣೇ, ಕೊಕ್ಕೊಕ್ಕೋ ಅಂತೀಯ!" ಮೊಣಕೈವರೆಗೆ ಕಿಮ್ಚಿ ಉಪ್ಪಿನಕಾಯಿಯ ಖಾರ ಬಳಿದುಕೊಂಡಿದ್ದ ಹೆಂಡತಿ ಒಕ್‌ಬುನ್ ಸಿಡುಕಿದಳು. "ಸೋಲ್‌ಬಿ ಅಪ್ಪಾ, ನೀವಾದ್ರೂ ಬುದ್ಧಿ ಹೇಳಿ."

ಪಿಲ್‌ಗು ಹೇಳಿದ. "ಬಚ್ಚಲಲ್ಲಿ ಯಾಕೆ, ಜಲಪಾತಕ್ಕೇ ಹೋಗೋಣ ನಡಿ."

ಮಹಾಗಾಯಕರೆಲ್ಲ ಜಲಪಾತದೆದುರು ಕೂಗಿಯೇ ಆದವರೆಂದು ಅವನೂ ಕೇಳಿದ್ದ. ಅಲ್ಲದೆ ಅಲ್ಲಿನ ಮಡುವಿನಲ್ಲಿ ಮೀನು ಚೆನ್ನಾಗಿ ಗಾಳಕ್ಕೆ ಬೀಳುತ್ತಿದ್ದವು.

ಶನಿವಾರವಿಡೀ ಸೋಲ್‌ಬಿ ಕೂಗಿದಳು. ಪಿಲ್‌ಗು ಗಾಳ ಹಿಡಿದುಕೊಂಡೇ "ಭಲೇ! ಭಲೇ!" ಎಂದು ಹುರಿದುಂಬಿಸಿದ. ಸಂಜೆಗೆ ಎರಡು ಮೀನು ಸಿಕ್ಕವು, ಒಂದು ದನಿ ಹೋಯಿತು.

ಮರುದಿನ ಚೇ ಅಜ್ಜಿ ಡೋಲು ಬಾರಿಸಿದಳು. ಸೋಲ್‌ಬಿ ಬಾಯಿ ತೆರೆದಳು. ಸೈಕಲ್ ಚಕ್ರದ ಗಾಳಿ ಬಿಟ್ಟಂತೆ ಹುಸ್ಸೆಂದಿತು. ಅವಳ ಕಣ್ಣು ತುಂಬಿದ್ದು ಕಂಡು ಜೊತೆಗೆ ಬಂದಿದ್ದ ಅಪ್ಪನ ಕರುಳು ತಡೆಯಲಿಲ್ಲ. ಡೋಲಿನ ಪೆಟ್ಟಿಗೆ ಸರಿಯಾಗಿ ಪಿಲ್‌ಗು "ಭಲೇ!" ಎಂದ. ಮತ್ತೆ ಹುಸ್ಸ್. ಮತ್ತೆ "ಭಲೇ!"

ಡೋಲು ನಿಂತಿತು.

"ಗಂಟಲೇನು ಹಳೇ ಬಟ್ಟೇನಾ, ಹರಿದು ಹೊಲಿಯೋಕೆ?" ಎಂದಳು ಅಜ್ಜಿ. "ದನಿ ಹೊಟ್ಟೆಯಿಂದ ಬರ್ಬೇಕು ಹುಡುಗಿ. ನಾನೂ ನಿನ್ನ ವಯಸ್ಸಲ್ಲಿ ಹೀಗೇ ಕಿರುಚಿ ಒಂದು ವರ್ಷ ಮೂಕಿ ಆಗಿದ್ದೆ. ಒಂದು ತಿಂಗಳು ಪಿಟ್ ಅನ್ಬೇಡ. ಬಂದು ಕೂತು ಕೇಳು, ಅದೇ ಮೊದಲ ಪಾಠ."

ಸೋಲ್‌ಬಿ ನೆಲಕ್ಕೆ ಹಣೆ ಹಚ್ಚಿ ವಂದಿಸಿದಳು. ಪಿಲ್‌ಗು ನೆಮ್ಮದಿಯ ಉಸಿರು ಬಿಟ್ಟ. ಆಗ ಅಜ್ಜಿ ಅವನತ್ತ ತಿರುಗಿದಳು.

"ಕೇಳೋರು ತಾಳಕ್ಕೆ ಸರಿಯಾಗಿ ಭಲೇ ಅನ್ನದಿದ್ರೆ ನಮ್ಮ ಹಾಡು ಮೇಲೇಳಲ್ಲ. ಹಾಗನ್ನೋರು ಈ ಊರಲ್ಲಿ ಯಾರೂ ಉಳಿದಿಲ್ಲ. ಪ್ರತಿ ಭಾನುವಾರ ನೀವೂ ಬನ್ನಿ. ಹನ್ನೊಂದು ಮಕ್ಕಳು ಹಾಡ್ತಾರೆ."

"ಭಾನುವಾರ ನಂಗೆ ಮೀನು..."

"ಮಗಳಿಗೆ ಪಾಠ ಬೇಕೋ ಬೇಡ್ವೋ?"

ಸೋಮವಾರ ಬೆಳಿಗ್ಗೆ ಪಿಲ್‌ಗು ಯಾರಿಗೂ ಕಾಣದಂತೆ ಎರಡು ಹಸಿ ಮೊಟ್ಟೆ ನುಂಗಿ, ಬಚ್ಚಲಿನ ಅಗುಳಿ ಹಾಕಿಕೊಂಡು, ಸೂರು ಹಾರುವಂತೆ ಕೂಗಿದ: "ಭಲೇ!"

"ಅಯ್ಯೋ, ಈಗ ಇವ್ರಿಗೂ ಈ ಹುಚ್ಚು ಹತ್ಕೊಂಡ್ತಾ!" ಎಂದು ಹೊರಗೆ ಒಕ್‌ಬುನ್ ಬಾಗಿಲು ಬಡಿದಳು.

ಬಾಗಿಲ ಕೆಳಗಿನಿಂದ ಒಂದು ಚೀಟಿ ತೂರಿ ಬಂತು. ಮೌನವ್ರತದ ಮಗಳ ಕೈಬರಹ:

"ಅಪ್ಪಾ, ಗಂಟಲಿಂದಲ್ಲ. ಹೊಟ್ಟೆಯಿಂದ."